ಟೈರ್ ಪಾಲಿಶ್ ಬ್ರೇಕ್ ಮೇಲೂ ಬಿದ್ದಿರಬಹುದು, ನೋಡಿಕೊಳ್ಳಿ

ವಾಶ್ ಮಾಡಿಸಿದ ಮೇಲೆ "ಟೈರ್‌ಗೂ ಪಾಲಿಶ್ ಹೊಡೆದುಬಿಡ್ಲಾ ಸಾರ್?" ಅಂತ ಕೇಳುವುದು ಮಾಮೂಲು. ನಾವೂ ಹೂಂ ಅಂದುಬಿಡುತ್ತೇವೆ. ಟೈರ್ ಕಪ್ಪಗೆ ಹೊಳೆದರೆ ಹಳೇ ಗಾಡಿಗೂ ಒಂದು ಕಳೆ ಬರುತ್ತದೆ, ಅಲ್ವಾ? ಹಾಗೆ ಹೊಡೆಸಿಕೊಂಡ ಪಾಲಿಶ್‌ನಿಂದ ನನ್ನ ಕಾರಿನ ಮುಂದಿನ ಬ್ರೇಕ್ ಪ್ಯಾಡ್‌ಗಳು ಹೋದವು. ಬಲಗಡೆ ಬಾಗಿಲಿಗೆ ಪೇಂಟ್ ಕೆಲಸ ಎರಡು ಸಲ ಮಾಡಿಸಬೇಕಾಯಿತು. ಎಲ್ಲೂ ಗುದ್ದಲಿಲ್ಲ, ಅದೊಂದು ಪುಣ್ಯ. ಹೊಳಪು ಬೇಕು ಅನ್ನುವವರಿಗೆ ಬೇಡ ಅನ್ನಲು ಇದನ್ನು ಬರೆಯುತ್ತಿಲ್ಲ. ನನಗೂ ಕಪ್ಪಗಿರುವ ಟೈರ್ ಇಷ್ಟವೇ. ಏನು ಹಚ್ಚುತ್ತಾರೆ, ಹೇಗೆ ಹಚ್ಚುತ್ತಾರೆ ಅನ್ನುವುದರ ಮೇಲೆ ಒಂದು ಕಣ್ಣಿರಲಿ ಅಂತ ಅಷ್ಟೇ.

ವಾಶ್ ಮಾಡಿದ ಹುಡುಗನ ಕೈಯಲ್ಲಿದ್ದದ್ದು ಸ್ಪ್ರೇ ಡಬ್ಬಿ. ಟೈರ್‌ನಿಂದ ಒಂದು ಮೊಳ ದೂರ ಕೂತು, ಸುಯ್ ಅಂತ ಚಕ್ರಕ್ಕೆ ಒಂದು ಸುತ್ತು ಹೊಡೆದ. ಮೇಲೊಂದು ಸುತ್ತು ಮತ್ತೆ ಹೊಡೆದ. ಸ್ಪಂಜಿಲ್ಲ, ಬಟ್ಟೆಯಿಲ್ಲ. ಟೈರ್‌ನಿಂದ ಪಾಲಿಶ್ ತೊಟ್ಟಿಕ್ಕುತ್ತಿತ್ತು. "ಸ್ವಲ್ಪ ಕಮ್ಮಿ ಹೊಡಿಯಪ್ಪ" ಅಂದೆ. "ಜಾಸ್ತಿ ಹೊಡೆದ್ರೇನೇ ಸಾರ್ ಜಾಸ್ತಿ ದಿನ ನಿಲ್ಲೋದು" ಅಂದ. ಅವನನ್ನು ಬೈದು ಪ್ರಯೋಜನ ಇಲ್ಲ. ಅವನಿಗೆ ಯಾರೋ ಹಾಗೇ ಹೇಳಿಕೊಟ್ಟಿದ್ದಾರೆ, ಡಬ್ಬಿಯನ್ನೂ ಅವರೇ ಕೊಟ್ಟಿದ್ದಾರೆ.

ನನ್ನ ಕಾರಿನದ್ದು ಕಡ್ಡಿ ಕಡ್ಡಿ ಇರುವ ಅಲಾಯ್ ಚಕ್ರ. ಕಡ್ಡಿಗಳ ಸಂದಿಯಲ್ಲಿ ನೋಡಿದರೆ ಒಳಗಿನ ಬ್ರೇಕ್ ಡಿಸ್ಕ್ ನೇರವಾಗಿ ಕಾಣುತ್ತದೆ. ಚಕ್ರದ ಜೊತೆ ತಿರುಗುವ ಈ ತಟ್ಟೆಯನ್ನೇ ಬ್ರೇಕ್ ಒತ್ತಿದಾಗ ಪ್ಯಾಡ್‌ಗಳು ಹಿಡಿಯುವುದು. ನಮ್ಮ ಕಣ್ಣಿಗೆ ಕಾಣುತ್ತದೆ ಅಂದರೆ ಸ್ಪ್ರೇ ಹೋಗುವುದಕ್ಕೂ ಅಲ್ಲಿ ದಾರಿ ಇದೆ.

ಗೇಟು ದಾಟಿ ರಸ್ತೆಗೆ ಬಂದು ಮೊದಲ ಸಲ ಬ್ರೇಕ್ ಒತ್ತಿದಾಗಲೇ ಕಾರು ಎಡಕ್ಕೆ ಎಳೆಯಿತು. ಈಗಷ್ಟೇ ತೊಳೆದಿದ್ದಾರಲ್ಲ, ಡಿಸ್ಕ್ ಒದ್ದೆಯಾಗಿರಬೇಕು ಅಂದುಕೊಂಡೆ. ನೀರಾದರೆ ನಿಧಾನಕ್ಕೆ ಓಡಿಸುತ್ತಾ ಮೆಲ್ಲಗೆ ಬ್ರೇಕ್ ಹಾಕುತ್ತಾ ಹೋದರೆ ಒಣಗಿ ಸರಿಹೋಗುತ್ತದೆ. ಇದು ಸರಿಹೋಗಲಿಲ್ಲ. ಎಳೆತ ಹಾಗೇ ಇತ್ತು, ಜೊತೆಗೆ ಸುಟ್ಟ ವಾಸನೆ ಬೇರೆ. ಸೈಡಿಗೆ ಹಾಕಿ ನಿಲ್ಲಿಸಿದೆ.

ಮೆಕ್ಯಾನಿಕ್ ಬಂದು ಬಲಗಡೆ ಮುಂದಿನ ಚಕ್ರ ಬಿಚ್ಚಿದ. ಡಿಸ್ಕ್ ಮೇಲೆ ಬೆಳಕು ಬಿದ್ದ ಕಡೆ ನೀಲಿ, ನೇರಳೆ ಬಣ್ಣದ ತೆಳು ಪದರ. ಅವನು ಡಿಸ್ಕ್ ಅಂಚಿಗೆ ಬೆರಳು ತಾಗಿಸಿ ನನ್ನ ಮುಂದೆ ಹಿಡಿದ. ಬೆರಳ ತುದಿಯಲ್ಲಿ ಕಪ್ಪು ಜಿಡ್ಡು. ಆಮೇಲೆ ಪ್ಯಾಡ್ ತೆಗೆದು ತೋರಿಸಿದ. ಬೂದು ಬಣ್ಣಕ್ಕೆ, ಒರಟಾಗಿ ಇರಬೇಕಾದ ಪ್ಯಾಡ್ ಒಂದು ಮೂಲೆಯಿಂದ ಅರ್ಧದವರೆಗೆ ಕಪ್ಪಾಗಿ, ನುಣ್ಣಗೆ ಮಿಂಚುತ್ತಿತ್ತು. "ಡಿಸ್ಕ್ ಬೇಕಾದ್ರೆ ಬ್ರೇಕ್ ಕ್ಲೀನರ್ ಹಾಕಿ ಒರೆಸಬಹುದು ಸಾರ್. ಪ್ಯಾಡ್ ಎಣ್ಣೆ ಕುಡಿದುಬಿಟ್ಟಿದೆ, ಅದನ್ನ ನಂಬೋಕಾಗಲ್ಲ" ಅಂದ.

ಅವನು ಹೇಳಿದ್ದು ಸರಿ. ಡಿಸ್ಕ್ ಕಬ್ಬಿಣದ್ದು, ಜಿಡ್ಡು ಮೇಲೆಯೇ ನಿಲ್ಲುತ್ತದೆ. ಪ್ಯಾಡ್‌ನಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ಎಣ್ಣೆ ಒಳಕ್ಕೆ ಇಳಿಯುತ್ತದೆ. ಮೇಲೆ ಎಷ್ಟೇ ಉಜ್ಜಿದರೂ ಬಿಸಿಯಾದಾಗ ಮತ್ತೆ ಹೊರಗೆ ಬರುತ್ತದೆ. ಬಲಗಡೆ ಹಿಡಿತ ಕಡಿಮೆಯಾಗಿ, ಎಡಗಡೆಯದು ಸರಿಯಾಗಿ ಹಿಡಿದದ್ದರಿಂದ ಕಾರು ಎಡಕ್ಕೆ ಎಳೆಯುತ್ತಿತ್ತು. ಪ್ಯಾಡ್‌ಗಳನ್ನು ಯಾವಾಗಲೂ ಎರಡೂ ಕಡೆ ಒಟ್ಟಿಗೇ ಬದಲಿಸಬೇಕು, ಇಲ್ಲದಿದ್ದರೆ ಹಿಡಿತದಲ್ಲಿ ಮತ್ತೆ ವ್ಯತ್ಯಾಸ. ಹಾಗಾಗಿ ಚೆನ್ನಾಗಿದ್ದ ಎಡಗಡೆಯ ಪ್ಯಾಡ್‌ಗಳೂ ಕಸಕ್ಕೆ ಹೋದವು. ಹಿಂದಿನ ಚಕ್ರಗಳಿಗೆ ಏನೂ ಆಗಿರಲಿಲ್ಲ. ಅಲ್ಲಿರುವುದು ಡ್ರಮ್ ಬ್ರೇಕ್, ಅದು ಮುಚ್ಚಿಕೊಂಡೇ ಇರುತ್ತದೆ.

ವಾಶ್ ಮಾಡಿದ ಜಾಗಕ್ಕೆ ಹೋಗಿ ಕೇಳಿದರೆ, ಪಾಲಿಶ್‌ನಿಂದ ಬ್ರೇಕ್ ಯಾಕೆ ಹಾಳಾಗುತ್ತೆ ಅಂತ ನನ್ನನ್ನೇ ಕೇಳಿದರು. ಮಾತು ಅಲ್ಲಿಗೇ ಮುಗಿಯಿತು.

ಬ್ರೇಕ್ ಗಲಾಟೆಯಲ್ಲಿ ಬಾಗಿಲನ್ನು ಯಾರೂ ನೋಡಿರಲಿಲ್ಲ. ಮುಂದಿನ ಚಕ್ರದ ಹಿಂಬದಿಯಿಂದ ಶುರುವಾಗಿ ಬಾಗಿಲಿನ ಕೆಳಭಾಗದವರೆಗೆ ಸಾಲಾಗಿ ಕಂದು ಚುಕ್ಕೆಗಳು. ಟೈರ್ ತಿರುಗುವಾಗ ಅಂಟದೇ ಉಳಿದ ಪಾಲಿಶ್ ಸಿಡಿದು ಹಿಂದಕ್ಕೂ ಮೇಲಕ್ಕೂ ಹಾರುತ್ತದೆ. ಹಾರುವಾಗ ಟೈರ್ ಮೇಲಿನ ಕೊಳೆಯನ್ನೂ ಹೊತ್ತುಕೊಂಡು ಹೋಗುತ್ತದೆ. ಬಿಳಿ ಕಾರಿನಲ್ಲಂತೂ ಎದ್ದು ಕಾಣುತ್ತದೆ. ಶಾಂಪೂ ಹಾಕಿ ತೊಳೆದಾಗ ಕಣ್ಣಿಗೆ ಕಾಣುವಷ್ಟು ಹೋಯಿತು.

ಕಣ್ಣಿಗೆ ಕಾಣದೇ ಉಳಿದದ್ದು ಆಮೇಲೆ ಕೈ ಕೊಟ್ಟಿತು. ಆ ಬಾಗಿಲಿನ ಕೆಳಗೆ ಹಳೆಯದೊಂದು ಗೀರು ಇತ್ತು. ಅದನ್ನು ಸರಿಮಾಡಿಸಲು ಬಿಟ್ಟಾಗ ಪೇಂಟರ್ ಮಾಮೂಲಿನಂತೆ ಉಜ್ಜಿ ಬಣ್ಣ ಹೊಡೆದ. ಹೊಡೆದ ಕೂಡಲೇ ಬಣ್ಣ ಅಲ್ಲಲ್ಲಿ ಹಿಂದೆ ಸರಿದು ದುಂಡನೆಯ ಸಣ್ಣ ಕುಳಿಗಳು ಎದ್ದವು. ಪೇಂಟರ್‌ಗಳು ಇದಕ್ಕೆ 'ಫಿಶ್ ಐ' ಅನ್ನುತ್ತಾರೆ. ಇದಕ್ಕೆ ಮುಖ್ಯ ಕಾರಣ ಸಿಲಿಕೋನ್, ಅಂದರೆ ಟೈರ್ ಪಾಲಿಶ್‌ನಲ್ಲಿ ಹೊಳಪು ಕೊಡುವ ಎಣ್ಣೆಯಂಥ ವಸ್ತು. ಕಣ್ಣಿಗೆ ಕಾಣದಷ್ಟು ತೆಳುವಾಗಿ ಸಿಲಿಕೋನ್ ಇದ್ದರೂ ಸಾಕು, ಹೊಸ ಬಣ್ಣ ಆ ಜಾಗದಲ್ಲಿ ನಿಲ್ಲುವುದಿಲ್ಲ. ಮೊದಲು ಜಿಡ್ಡು ತೆಗೆಯುವ ಲಿಕ್ವಿಡ್‌ನಿಂದ ಚೆನ್ನಾಗಿ ಒರೆಸಿ ಆಮೇಲೆ ಉಜ್ಜಬೇಕಿತ್ತು. ಒರೆಸದೇ ಉಜ್ಜಿದರೆ ಸಿಲಿಕೋನ್ ಗೀರುಗಳ ಒಳಕ್ಕೆ ಇನ್ನಷ್ಟು ಸೇರಿಕೊಳ್ಳುತ್ತದೆ. ಎಲ್ಲ ಕೆರೆದು ಮೊದಲಿನಿಂದ ಮಾಡಬೇಕಾಯಿತು. ನಿಮ್ಮ ಗಾಡಿಗೆ ಟೈರ್ ಪಾಲಿಶ್ ಹೊಡೆಸುವ ಅಭ್ಯಾಸ ಇದ್ದರೆ, ಪೇಂಟ್ ಕೆಲಸಕ್ಕೆ ಬಿಡುವಾಗ ಪೇಂಟರ್‌ಗೆ ಈ ವಿಷಯ ಮೊದಲೇ ಹೇಳಿಬಿಡಿ.

ಈಗ ಆ ಹುಡುಗ ಹೇಳಿದ ಮಾತಿಗೆ ಬರೋಣ. ಜಾಸ್ತಿ ಹೊಡೆದರೆ ಜಾಸ್ತಿ ದಿನ ನಿಲ್ಲುತ್ತದೆಯೇ? ಇಲ್ಲ. ರಬ್ಬರ್ ಹಿಡಿದಿಟ್ಟುಕೊಳ್ಳುವುದು ತೆಳುವಾದ ಒಂದು ಪದರವನ್ನು ಮಾತ್ರ. ಅದರ ಮೇಲಿರುವುದೆಲ್ಲ ಸುಮ್ನೆ ಕೂತಿರುವ ಎಣ್ಣೆ. ಗಾಡಿ ಹೊರಟ ತಕ್ಷಣ ಅದು ಎಲ್ಲಾದರೂ ಹೋಗಲೇಬೇಕು. ಸ್ವಲ್ಪ ಪೇಂಟ್ ಮೇಲೆ, ಸ್ವಲ್ಪ ರಸ್ತೆ ಮೇಲೆ. ಉಳಿದದ್ದಕ್ಕೆ ಎಣ್ಣೆ ಹಚ್ಚಿದ ತಲೆಗೆ ಧೂಳು ಮೆತ್ತಿದ ಹಾಗೆ ರಸ್ತೆಯ ಧೂಳೆಲ್ಲ ಮೆತ್ತಿಕೊಳ್ಳುತ್ತದೆ. ವಾಶ್ ಆದ ದಿನ ಕನ್ನಡಿಯಂತಿದ್ದ ಟೈರ್ ಸ್ವಲ್ಪ ದಿನಕ್ಕೇ ಮಣ್ಣು ಮಣ್ಣಾಗಿ ಕಾಣುವುದು ಇದಕ್ಕೇ.

ಪಾಲಿಶ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ನೀರಿನಲ್ಲಿ ಬೆರೆಸಿದ್ದು, ಬೆಳ್ಳಗೆ ಮಂದವಾಗಿರುತ್ತದೆ, ವಾಸನೆ ಕಡಿಮೆ. ಇದು ಟೈರ್‌ಗೆ ಹೊಸದರಂತಹ ಕಪ್ಪು ಕೊಡುತ್ತದೆ, ಕಣ್ಣು ಕೋರೈಸುವ ಹೊಳಪು ಬರುವುದಿಲ್ಲ. ಮಳೆಗೆ ಬೇಗ ಹೋಗುತ್ತದೆ. ಇನ್ನೊಂದು ಪೆಟ್ರೋಲಿಯಂ ಸಾಲ್ವೆಂಟ್‌ನಲ್ಲಿ ಬೆರೆಸಿದ್ದು. ತಿಳಿಯಾಗಿ, ಜಿಡ್ಡಾಗಿರುತ್ತದೆ. ಮುಚ್ಚಳ ತೆಗೆದರೆ ಸೀಮೆಎಣ್ಣೆಯಂಥ ವಾಸನೆ ಬರಬಹುದು, ಡಬ್ಬಿಯ ಮೇಲೆ ಬೆಂಕಿಯ ಚಿಹ್ನೆ ಇರುತ್ತದೆ. ಹೊಳಪು ಜಾಸ್ತಿ, ನಿಲ್ಲುವುದೂ ಜಾಸ್ತಿ, ಸಿಡಿಯುವುದೂ ಜಾಸ್ತಿ. ಎರಡರಲ್ಲೂ ಹೊಳಪು ಕೊಡುವುದು ಹೆಚ್ಚಾಗಿ ಸಿಲಿಕೋನೇ.

ಸಿಲಿಕೋನ್ ಅಂದ ಕೂಡಲೇ ಟೈರ್ ಬಿರುಕು ಬಿಡುತ್ತದೆ ಅಂತ ಹೆದರಿಸುವವರಿದ್ದಾರೆ. ಅದು ಪೂರ್ತಿ ನಿಜ ಅಲ್ಲ. ಸಿಲಿಕೋನ್ ರಬ್ಬರ್ ಜೊತೆ ಅಷ್ಟಾಗಿ ಜಗಳಕ್ಕೆ ಹೋಗುವುದಿಲ್ಲ. ತಕರಾರು ಇರುವುದು ಪೆಟ್ರೋಲಿಯಂ ಸಾಲ್ವೆಂಟ್‌ನದು. ಅದು ರಬ್ಬರನ್ನು ಉಬ್ಬಿಸಬಲ್ಲದು, ಟೈರ್ ಕಾಪಾಡಲು ಒಳಗೆ ಹಾಕಿರುವ ಮೇಣ ಮತ್ತು ರಾಸಾಯನಿಕಗಳನ್ನು ಕರಗಿಸಿ ಹೊರಗೆಳೆಯಬಲ್ಲದು. ಡೀಸೆಲ್, ಸೀಮೆಎಣ್ಣೆ, ಹಳೇ ಇಂಜಿನ್ ಆಯಿಲ್ ಒರೆಸಿ ಟೈರ್ ಹೊಳೆಯಿಸುವವರೂ ಇದ್ದಾರೆ. ದಯವಿಟ್ಟು ಬೇಡ. ಹೊಳಪು ಒಂದು ದಿನದ್ದು, ರಬ್ಬರ್‌ಗೆ ಆಗುವ ಹಾನಿ ವಾಪಸ್ ಹೋಗುವುದಿಲ್ಲ.

ನನಗೆ ಈಗ ಒಗ್ಗಿರುವುದು ನೀರಿನ ಬಗೆಯದ್ದೇ. ಅದನ್ನೂ ನಾನೇ ಹಚ್ಚುತ್ತೇನೆ. ಇದರಲ್ಲಿ ಮುಕ್ಕಾಲು ಪಾಲು ಕೆಲಸ ಪಾಲಿಶ್ ಬಾಟಲಿ ಮುಟ್ಟುವ ಮೊದಲೇ ಇರುತ್ತದೆ.

ಟೈರ್ ಕಂದು ಬಣ್ಣಕ್ಕೆ ತಿರುಗುವುದನ್ನು ನೋಡಿರುತ್ತೀರಿ. ಅದೆಲ್ಲ ಮಣ್ಣಲ್ಲ. ಗಾಳಿಯಲ್ಲಿರುವ ಓಝೋನ್ ರಬ್ಬರನ್ನು ಬಿರುಕು ಬಿಡಿಸುತ್ತದೆ. ಅದನ್ನು ತಡೆಯಲು ಟೈರ್ ತಯಾರಿಸುವಾಗಲೇ ಕೆಲವು ರಾಸಾಯನಿಕಗಳನ್ನು ಸೇರಿಸಿರುತ್ತಾರೆ. ಗಾಡಿ ಓಡಿದಂತೆ, ಟೈರ್ ಬಾಗಿ ಬಳುಕಿದಂತೆ ಅವು ನಿಧಾನವಾಗಿ ಮೇಲಕ್ಕೆ ಬಂದು ಗಾಳಿ ತಾಗಿ ಕಂದಾಗುತ್ತವೆ. ಇದರ ಮೇಲೆ ಹಳೇ ಪಾಲಿಶ್, ಧೂಳು ಎಲ್ಲ ಸೇರಿ ಒಂದು ಪದರ ಆಗಿರುತ್ತದೆ. ಹೊಸ ಪಾಲಿಶ್ ಈ ಪದರದ ಮೇಲೆ ಬಿದ್ದರೆ ರಬ್ಬರ್‌ಗೆ ತಾಗುವುದೇ ಇಲ್ಲ. ಪದರ ಉದುರಿದಾಗ ಪಾಲಿಶ್ ಕೂಡ ಉದುರುತ್ತದೆ. ಹೊಸ ಟೈರ್ ಆದರೂ ಹಾಗೇ ಹಚ್ಚಬೇಡಿ, ಅಚ್ಚಿನಿಂದ ಬಿಡಿಸಲು ಬಳಸಿದ ಜಾರುವ ವಸ್ತು ಅದರ ಮೇಲಿರುತ್ತದೆ.

ಹಾಗಾಗಿ ಮೊದಲು ಉಜ್ಜಬೇಕು. ಆಲ್ ಪರ್ಪಸ್ ಕ್ಲೀನರನ್ನು ಬಾಟಲಿ ಮೇಲೆ ಹೇಳಿದಷ್ಟು ನೀರಿಗೆ ಬೆರೆಸಿ, ಗಟ್ಟಿ ನೈಲಾನ್ ಬ್ರಷ್‌ನಿಂದ ಸೈಡ್‌ವಾಲ್ (ಟೈರ್‌ನ ಪಕ್ಕದ ಭಾಗ) ಉಜ್ಜಿ. ತಂತಿ ಬ್ರಷ್ ಬೇಡವೇ ಬೇಡ. ಮೊದಲು ಬರುವ ನೊರೆ ಕಂದಾಗಿರುತ್ತದೆ. ತೊಳೆದು ಮತ್ತೆ ಉಜ್ಜಿ. ನೊರೆ ಬೆಳ್ಳಗೆ ಬರುವವರೆಗೆ ಬಿಡಬೇಡಿ. ಕೈ ನೋಯುತ್ತದೆ, ನಿಜ. ಆದರೆ ಹೊಳಪು ಎಷ್ಟು ದಿನ ಇರುತ್ತದೆ ಅನ್ನುವುದು ಇಲ್ಲೇ ನಿರ್ಧಾರ ಆಗುತ್ತದೆ. ವಾರ ವಾರವೂ ಇಷ್ಟು ಖಾರವಾದ ಕ್ಲೀನರ್ ಹಾಕುವುದೂ ತಪ್ಪು, ಟೈರ್‌ನ ಮೇಣ ಎಲ್ಲ ತೊಳೆದುಹೋಗುತ್ತದೆ. ಒಮ್ಮೆ ಚೆನ್ನಾಗಿ ಆದ ಮೇಲೆ ಕಾರ್ ಶಾಂಪೂ ಸಾಕು.

ಪೂರ್ತಿ ಒಣಗಲಿ. ಬಿಸಿಲಲ್ಲಿ ಹಚ್ಚಬೇಡಿ, ಓಡಿಸಿ ಬಂದ ಬಿಸಿ ಟೈರ್‌ಗೂ ಬೇಡ, ಪಟ್ಟೆ ಪಟ್ಟೆಯಾಗಿ ಒಣಗುತ್ತದೆ. ಪಾಲಿಶನ್ನು ಸ್ಪಂಜಿಗೆ ಹಾಕಿಕೊಂಡು ಟೈರ್‌ಗೆ ತಿಕ್ಕಿ. ಕೈಯಲ್ಲಿರುವುದು ಸ್ಪ್ರೇ ಆದರೂ ಸ್ಪಂಜಿನ ಮೇಲೇ ಹೊಡೆದುಕೊಳ್ಳಿ, ಚಕ್ರದ ಕಡೆ ಮುಖ ಮಾಡಲೇಬೇಡಿ. ಅಕ್ಷರಗಳ ಸಂದಿಗೆ ಸಣ್ಣ ಬ್ರಷ್ ಆಗುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟು ಹಳೇ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಬೆರಳಲ್ಲಿ ಮುಟ್ಟಿದರೆ ಒದ್ದೆ ತಾಗಬಾರದು. ಹೊಳಪು ಸಾಲದು ಅನ್ನಿಸಿದರೆ ಇನ್ನೊಂದು ತೆಳು ಪದರ ಹಚ್ಚಿ ಮತ್ತೆ ಒರೆಸಿ. ರಾತ್ರಿ ಹಚ್ಚಿ ಬೆಳಿಗ್ಗೆ ಗಾಡಿ ತೆಗೆದರೆ ಇನ್ನೂ ಒಳ್ಳೆಯದು. ಟೈರ್ ಕೋಟಿಂಗ್ ಅಂತ ಬರುವ, ಒಣಗಿ ಗಟ್ಟಿಯಾಗುವ ಬಗೆಯೂ ಇದೆ. ಅದು ಹೆಚ್ಚು ಕಾಲ ಬರುತ್ತದೆ. ಆದರೆ ಹಳೇ ಸಿಲಿಕೋನ್ ಒಂಚೂರು ಉಳಿದಿದ್ದರೂ ಸರಿಯಾಗಿ ಹಿಡಿಯುವುದಿಲ್ಲ.

ಟೈರ್‌ನ ನೆಲಕ್ಕೆ ತಾಗುವ ಭಾಗಕ್ಕೆ ಮಾತ್ರ ಯಾವ ಕಾರಣಕ್ಕೂ ಹಚ್ಚಬಾರದು. ಒಂದೊಂದು ಟೈರ್ ರಸ್ತೆಗೆ ತಾಗುವುದು ಹೆಚ್ಚು ಕಡಿಮೆ ಅಂಗೈಯಷ್ಟು ಜಾಗದಲ್ಲಿ. ಅಷ್ಟರಲ್ಲೇ ಇಡೀ ಗಾಡಿ ನಿಲ್ಲಬೇಕು, ತಿರುಗಬೇಕು. ಅಲ್ಲಿ ಸಿಲಿಕೋನ್ ಇದ್ದರೆ ಗತಿ ಏನು? ಬೈಕ್, ಸ್ಕೂಟರ್ ಇರುವವರು ಟೈರ್ ಪಾಲಿಶ್ ಸಹವಾಸಕ್ಕೇ ಹೋಗಬೇಡಿ. ಅವುಗಳ ಟೈರ್ ದುಂಡಗಿರುತ್ತದೆ, ತಿರುವಿನಲ್ಲಿ ವಾಲಿದಾಗ ಅಂಚೇ ರಸ್ತೆಗೆ ತಾಗುತ್ತದೆ. ಡಿಸ್ಕ್ ಬೇರೆ ಪೂರ್ತಿ ಬಯಲಲ್ಲೇ ಇರುತ್ತದೆ. ಉಳಿದ ಪಾಲಿಶನ್ನು ಪೆಡಲ್‌ಗೋ ಸ್ಟೀರಿಂಗ್‌ಗೋ ಒರೆಸಿಬಿಡುವ ಉತ್ಸಾಹಿಗಳನ್ನೂ ತಡೆಯಿರಿ.

ಹಳೇ ಕಾರು ಕೊಳ್ಳಲು ಹೋದವರಿಗೂ ಒಂದು ಮಾತು. ಟೈರ್ ಥಳಥಳ ಅನ್ನುತ್ತಿದ್ದರೆ ಒದ್ದೆ ಬಟ್ಟೆ ತೆಗೆದುಕೊಂಡು ಒಂದು ಕಡೆ ಚೆನ್ನಾಗಿ ಒರೆಸಿ ನೋಡಿ. ಸಣ್ಣ ಬಿರುಕುಗಳು ಪಾಲಿಶ್ ಕೆಳಗೆ ಸುಲಭವಾಗಿ ಅಡಗಿ ಕೂರುತ್ತವೆ. ಸೈಡ್‌ವಾಲ್ ಮೇಲೆ ನಾಲ್ಕು ಅಂಕಿಗಳ ತಾರೀಖು ಇರುತ್ತದೆ. 3521 ಅಂತಿದ್ದರೆ 2021ನೇ ಇಸವಿಯ 35ನೇ ವಾರ ತಯಾರಾದದ್ದು. ಹೊಳಪಿಗಿಂತ ಅದನ್ನು ನೋಡಿ.

ನಿಮ್ಮ ಗಾಡಿಗೆ ಈಗಾಗಲೇ ಸ್ಪ್ರೇ ಹೊಡೆದಾಗಿದ್ದರೆ ಹೊರಡುವ ಮೊದಲು ಚಕ್ರದ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಡಿಸ್ಕ್ ಮೇಲೆ ಜಿಡ್ಡು ಮಿಂಚಿದರೆ ಗಾಡಿ ತೆಗೆಯಬೇಡಿ. ಬ್ರೇಕ್ ಒತ್ತುತ್ತಾ ಓಡಿಸಿ ಒರೆಸಿಕೊಳ್ಳೋಣ ಅಂದುಕೊಂಡರೆ ಅದೆಲ್ಲ ಪ್ಯಾಡ್ ಒಳಗೆ ಇಳಿಯುತ್ತದೆ. ಚಕ್ರ ಬಿಚ್ಚಿಸಿ, ಬ್ರೇಕ್ ಕ್ಲೀನರ್ ಹಾಕಿ ಶುಭ್ರ ಬಟ್ಟೆಯಲ್ಲಿ ಡಿಸ್ಕ್ ಒರೆಸಿಸಿ, ಪ್ಯಾಡ್ ತೆಗೆಸಿ ನೋಡಿ. ಟೈರ್‌ನ ನೆಲ ತಾಗುವ ಭಾಗಕ್ಕೆ ಬಿದ್ದಿದ್ದರೆ ಕ್ಲೀನರ್ ಹಾಕಿ ಬ್ರಷ್‌ನಲ್ಲಿ ಉಜ್ಜಿ ತೊಳೆಸಿ, ಬರೀ ನೀರಿಗೆ ಅದು ಬಿಡುವುದಿಲ್ಲ. ಓಡಿಸುವಾಗ ಗೊತ್ತಾದರೆ, ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆ ಎಳೆದರೆ, ಮನೆ ಹತ್ತಿರವೇ ಇದೆ ಅಂತ ಮುಂದುವರಿಯಬೇಡಿ. ಸೈಡಿಗೆ ಹಾಕಿ ಮೆಕ್ಯಾನಿಕ್‌ನನ್ನು ಅಲ್ಲಿಗೇ ಕರೆಸಿ.