ಟೆಂಟ್ ಹೂಡಲು ಬೆಳಗಾವಿ–ಬಾಗಲಕೋಟೆ ಕಡೆಯ ಜಾಗಗಳು: ಮೊದಲು ನೆಲ, ಆಮೇಲೆ ನೋಟ

ಶನಿವಾರ ಬಂತೆಂದರೆ ಟೆಂಟ್ ಕಟ್ಟಿಕೊಂಡು ಹೊರಡುವವರು ಬೆಳಗಾವಿ ಸೀಮೆಯಲ್ಲಿ ಈಗ ಬಹಳ ಮಂದಿ. ಅವರನ್ನು ನಂಬಿ ಜಾಂಬೋಟಿ ದಾರಿಯಿಂದ ಬಾದಾಮಿಯ ಹೊಲಗಳವರೆಗೆ ಕ್ಯಾಂಪಿಂಗ್ ಬೋರ್ಡುಗಳೂ ಎದ್ದಿವೆ. ಹೆಚ್ಚಿನವರು ಮೊಬೈಲಿನಲ್ಲಿ ಫೋಟೊ ನೋಡಿ ದುಡ್ಡು ಕಟ್ಟುತ್ತಾರೆ. ಫೋಟೊದಲ್ಲಿ ನೀರಿನ ದಂಡೆ ಇರುತ್ತದೆ, ಸಂಜೆಯ ಬಣ್ಣ ಇರುತ್ತದೆ, ದೀಪದ ಸರ ಇರುತ್ತದೆ. ಬೆನ್ನ ಕೆಳಗಿನ ಮಣ್ಣು ಎಂಥದ್ದು ಅನ್ನುವುದು ಮಾತ್ರ ಕಾಣುವುದಿಲ್ಲ, ರಾತ್ರಿ ಹೇಗೆ ಕಳೆಯುತ್ತದೆ ಅನ್ನುವುದು ತೀರ್ಮಾನವಾಗುವುದು ಅದರಿಂದಲೇ. ಈ ಭಾಗದಲ್ಲಿ ಮೂರು ಬಗೆಯ ನೆಲವಿದೆ: ಖಾನಾಪುರದ ಜಂಬಿಟ್ಟಿಗೆ ಕೆಂಪು ನೆಲ, ಬಾದಾಮಿಯ ಮರಳುಗಲ್ಲು, ಉಳಿದ ಬಯಲಿನ ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಟೆಂಟಿಗೆ ಯಾವುದು ಮೇಲು ಎಂದು ನಾವು ಕೊಟ್ಟ ಸ್ಥಾನಗಳೂ ಇದೇ ಕ್ರಮದಲ್ಲಿವೆ.

ಖಾನಾಪುರ ತಾಲೂಕಿಗೆ ಮೊದಲ ಸ್ಥಾನ ಕೊಡಲು ಕಾಡಿನ ಚೆಲುವಷ್ಟೇ ಕಾರಣವಲ್ಲ. ಜಂಬಿಟ್ಟಿಗೆ ನೆಲದಲ್ಲಿ ನೀರು ಇಂಗುತ್ತದೆ. ರಾತ್ರಿ ಸಣ್ಣ ಮಳೆ ಬಂದು ಹೋದರೂ ಬೆಳಿಗ್ಗೆ ಚಪ್ಪಲಿಗೆ ಮಣ್ಣು ಮೆತ್ತುವುದಿಲ್ಲ, ಕಾರು ಹೂಳುವುದಿಲ್ಲ. ತೊಂದರೆ ಗೂಟದ್ದು. ಟೆಂಟಿನ ಚೀಲದಲ್ಲಿ ಬರುವ ತೆಳು ತಂತಿಯ ಗೂಟ ಎರಡನೇ ಏಟಿಗೆ ಬಾಗುತ್ತದೆ. ಯಾವುದಾದರೂ ವೆಲ್ಡಿಂಗ್ ಅಂಗಡಿಯಲ್ಲಿ 10 ಎಂಎಂ ಕಬ್ಬಿಣದ ಸರಳನ್ನು 12 ಇಂಚಿನ ತುಂಡು ಮಾಡಿಸಿ, ಒಂದು ತುದಿ ಮೊನೆ ಮಾಡಿಸಿ, ಇನ್ನೊಂದು ತುದಿ ಕೊಕ್ಕೆಯಾಗಿ ಬಗ್ಗಿಸಿಕೊಳ್ಳಿ. ಕೊಕ್ಕೆಗೆ ಹೋಗುವ ಉದ್ದಕ್ಕಾಗಿ ಒಂದೆರಡು ಇಂಚು ಹೆಚ್ಚೇ ಕತ್ತರಿಸಲು ಹೇಳಿ. ನಾಲ್ಕು ಜನರ ಟೆಂಟಿಗೆ ತಳಕ್ಕೂ ಹೊದಿಕೆಗೂ ಸೇರಿ 8, ಗಾಳಿ ಹಗ್ಗಕ್ಕೆ 4, ಕೈಯಲ್ಲಿ ಎರಡು ಹೆಚ್ಚಿಗೆ. ಒಂದು ಗೂಟ ಸುಮಾರು 200 ಗ್ರಾಂ ತೂಗುತ್ತದೆ. ಎಲ್ಲ ಸೇರಿ ಮೂರು ಕಿಲೋದ ಹತ್ತಿರ ಬರುತ್ತದೆ. ಕಾರಿನಲ್ಲಿ ಹೋಗುವವರಿಗೆ ಅದು ಭಾರವೇ ಅಲ್ಲ. ಗೂಟ ಮೂರು ಇಂಚು ಇಳಿದು ನಿಂತು ಠಣ್ ಎಂದರೆ ಕೆಳಗೆ ಗಟ್ಟಿ ಕಲ್ಲಿದೆ ಎಂದರ್ಥ. ಅಲ್ಲೇ ಬಡಿಯುತ್ತ ಕೂರದೆ ನಾಲ್ಕು ಬೆರಳು ಆಚೆ ಸರಿಸಿ ಹೊಡೆಯಿರಿ. ಗೂಟದ ತಲೆ ಟೆಂಟಿನಿಂದ ಹೊರಕ್ಕೆ ವಾಲಿರಬೇಕು. ನೆಟ್ಟಗೆ ಹೊಡೆದ ಗೂಟ ಎಷ್ಟೇ ಗಟ್ಟಿಯಿದ್ದರೂ ಗಾಳಿಯ ಜಗ್ಗಾಟಕ್ಕೆ ಮೇಲೆದ್ದು ಬರುತ್ತದೆ.

ಈ ಕಡೆ ಟೆಂಟಿನ ಕಾಲವೆಂದರೆ ಅಕ್ಟೋಬರ್ ನಡುವಿನಿಂದ ಫೆಬ್ರುವರಿ ಕೊನೆಯವರೆಗೆ. ಮಲಪ್ರಭಾ ಹುಟ್ಟುವ ಕಣಕುಂಬಿಯ ಸುತ್ತ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಗೆ ಅಂಗಡಿಯ ಟೆಂಟು ತಡೆಯುವುದಿಲ್ಲ, ಜಿಗಣೆಗಳ ಕಾಟ ಬೇರೆ. ಡಿಸೆಂಬರ್‌ನಲ್ಲಿ ಮಳೆಯಿಲ್ಲದಿದ್ದರೂ ಬೆಳಗಿನ ಜಾವ ಟೆಂಟಿನೊಳಗೆ ಹನಿ ಬೀಳುತ್ತದೆ. ಬಟ್ಟೆ ಸೋರುತ್ತಿದೆ ಎಂದುಕೊಂಡು ಹಲವರು ಟೆಂಟನ್ನೇ ಬದಲಿಸುತ್ತಾರೆ. ಅದು ಸೋರಿಕೆಯಲ್ಲ. ಒಳಗೆ ಮಲಗಿದವರ ಉಸಿರಿನ ಹಸಿ, ತಣ್ಣಗಾದ ಹೊದಿಕೆಗೆ ತಾಗಿ ನೀರಾಗುತ್ತದೆ. ಚಳಿ ಎಂದು ಕಿಟಕಿಗಳನ್ನೆಲ್ಲ ಮುಚ್ಚಿದಷ್ಟೂ ಹನಿ ಹೆಚ್ಚು. ಎದುರುಬದುರಿನ ಎರಡು ಗಾಳಿಕಿಂಡಿ ತೆರೆದಿಡಿ, ಮೇಲಿನ ಹೊದಿಕೆ ಒಳಬಟ್ಟೆಗೆ ತಾಗದಂತೆ ಬಿಗಿದು ಕಟ್ಟಿ, ಚಳಿಗೆ ಇನ್ನೊಂದು ಕೌದಿ ಹೊದೆಯಿರಿ.

ಇಲ್ಲಿನ ಭೀಮಗಡ ವನ್ಯಜೀವಿ ಧಾಮ 2011ರಲ್ಲಿ ಘೋಷಣೆಯಾದದ್ದು, ವಿಸ್ತಾರ ಸುಮಾರು 190 ಚದರ ಕಿಲೋಮೀಟರ್. ಧಾಮದೊಳಗೆ ಕಂಡಲ್ಲಿ ಟೆಂಟ್ ಹೂಡುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಒಳಗೆ ಕಾಲಿಡುವುದೇ ಅಪರಾಧ. ಕಾಡಿನ ಮಗ್ಗುಲಲ್ಲೇ ರಾತ್ರಿ ಕಳೆಯಬೇಕೆಂದರೆ ಹೆಮ್ಮಡಗಾದಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯವರ ಭೀಮಗಡ ಕ್ಯಾಂಪ್ ಸರಿಯಾದ ದಾರಿ. ಮನೆಯ ಹಿರಿಯರು, ಸಣ್ಣ ಮಕ್ಕಳು ಜೊತೆಗಿದ್ದರೆ, ಮೊದಲ ಸಲ ಕಾಡಿಗೆ ಹೋಗುವವರಾದರೆ ನಮ್ಮ ಶಿಫಾರಸು ಇದಕ್ಕೇ. ತಮ್ಮದೇ ಟೆಂಟು, ತಮ್ಮದೇ ಒಲೆ, ತಮ್ಮದೇ ಹೊತ್ತು ಬೇಕೆನ್ನುವವರಿಗೆ ವ್ಯವಸ್ಥಿತ ಕ್ಯಾಂಪು ಬಿಗಿ ಅನ್ನಿಸುತ್ತದೆ; ಅಂಥವರು ಜಾಂಬೋಟಿ, ಕಣಕುಂಬಿ ಕಡೆಯ ತೋಟದ ಜಾಗ ನೋಡಲಿ. ಎಲ್ಲೇ ಉಳಿದರೂ ಕತ್ತಲಾದ ಮೇಲೆ ಕಾಡಿನ ಅಂಚಿಗೆ ನಡೆದು ಹೋಗಬೇಡಿ. ಕರಡಿ, ಕಾಡುಕೋಣ ಎರಡೂ ಈ ಸೀಮೆಯಲ್ಲಿವೆ, ಎರಡಕ್ಕೂ ಮೈಮೇಲೆ ಬೀಳುವಷ್ಟು ಹತ್ತಿರ ಮನುಷ್ಯ ಕಂಡರೆ ಗಾಬರಿ. ಊಟದ ಡಬ್ಬಿ ಟೆಂಟಿನೊಳಗಲ್ಲ, ಕಾರಿನೊಳಗೆ ಇರಲಿ.

ತೋಟದ ಜಾಗಗಳಲ್ಲಿ ಬಹಳ ಒಳ್ಳೆಯವೂ ಇವೆ, ಬರೀ ಬೋರ್ಡು ಹಾಕಿದವೂ ಇವೆ. ದುಡ್ಡು ಕಳಿಸುವ ಮುಂಚೆ ಫೋನಿನಲ್ಲಿ ಕೆಲವು ಮಾತು ಕೇಳಿದರೆ ಸಾಕು, ತಿಳಿದುಹೋಗುತ್ತದೆ. “ಸರ್, ಟೆಂಟಿನ ಫೋಟೊ ಬೇಡ, ಟೆಂಟ್ ಹೂಡುವ ನೆಲದ ಮೇಲೆ ನಡೆದಾಡಿ ಒಂದು ವಿಡಿಯೊ ಕಳಿಸ್ರಿ” ಅನ್ನಿ. ಇಳಿಜಾರು, ಕಲ್ಲು, ತಗ್ಗು ಎಲ್ಲ ಅದರಲ್ಲಿ ಕಾಣುತ್ತದೆ. ಶನಿವಾರ ಎಷ್ಟು ಟೆಂಟ್ ಹಾಕುತ್ತೀರಿ, ಶೌಚಾಲಯ ಎಷ್ಟಿವೆ ಎಂದು ಕೇಳಿ. ಹತ್ತು ಜನಕ್ಕೆ ಒಂದಕ್ಕಿಂತ ಕಡಿಮೆಯಿದ್ದರೆ ಬೆಳಿಗ್ಗೆ ಸಾಲು ತಪ್ಪದು. ಕರೆಂಟ್ ಹೋದರೆ ನೀರು ಎಲ್ಲಿಂದ ಬರುತ್ತದೆ ಅನ್ನುವುದು ಅದಕ್ಕಿಂತ ಮುಖ್ಯ. ಪಂಪ್‌ಸೆಟ್ ಮೋಟರಿಗೆ ಬೇಕಾದ ತ್ರೀ ಫೇಸ್ ದಿನಕ್ಕೆ 7 ತಾಸಿನ ಲೆಕ್ಕದಲ್ಲಿ ಬರುತ್ತದೆ, ಅದೂ ಕೆಲವೊಮ್ಮೆ ರಾತ್ರಿ. ಮೇಲೆ ಟಾಕಿ ಇದ್ದು ಅದು ಸಂಜೆಗೇ ತುಂಬಿರಬೇಕು. ಕುಡಿಯಲು ತಲೆಗೆ 4 ಲೀಟರ್, ಉಳಿದದ್ದಕ್ಕೆ 20 ಲೀಟರ್ ಎಂದು ಲೆಕ್ಕ ಹಾಕಿ. 30 ಜನ ಇಳಿಯುವ ಜಾಗದಲ್ಲಿ 500 ಲೀಟರ್ ಟಾಕಿ ಬೆಳಗಾಗುವುದರೊಳಗೆ ಖಾಲಿ. ಸ್ಪೀಕರ್ ಹತ್ತು ಗಂಟೆಗೆ ಬಂದ್ ಆಗುತ್ತದೆಯೇ ಎಂಬುದಕ್ಕೆ “ನೋಡೋಣ್ರಿ” ಎಂಬ ಉತ್ತರ ಬಂದರೆ ಬೇರೆ ಜಾಗ ನೋಡಿ.

ಅವರ ಟೆಂಟೇ ಬಾಡಿಗೆಗೆ ತೆಗೆದುಕೊಳ್ಳುವುದಾದರೆ ಒಳಗೆ ಹೋಗಿ ಹಾಸಿಗೆ ಎತ್ತಿ ಅದರ ಅಡಿ ಮುಟ್ಟಿ ನೋಡಿ. ಹಂಗಾಮಿಡೀ ಒಂದೇ ಕಡೆ ನಿಂತ ಟೆಂಟಿನಲ್ಲಿ ಹಾಸಿಗೆಯ ಮೇಲ್ಭಾಗ ಒಣಗಿರುತ್ತದೆ, ಅಡಿಭಾಗದಲ್ಲಿ ಕಪ್ಪು ಬೂಸ್ಟು ಚುಕ್ಕೆ ಚುಕ್ಕೆಯಾಗಿ ಹಿಡಿದು ಹಸಿ ಗೋಣಿಯ ವಾಸನೆ ಹೊಡೆಯುತ್ತದೆ. ಜಿಪ್ಪನ್ನು ಪೂರ್ತಿ ಎಳೆದು ನೋಡಿ. ನೆಲಕ್ಕೆ ತಾಗುವ ಮೂಲೆಯಲ್ಲಿ ಎರಡು ಬೆರಳು ತೆರೆದೇ ಉಳಿದರೂ ಚೇಳಿಗೆ ಅಷ್ಟು ಸಾಕು.

ಬಾದಾಮಿ ಕಡೆ ಹೋದರೆ ಲೆಕ್ಕವೇ ಬೇರೆ. ಮರಳುಗಲ್ಲಿನ ಹಾಸಿನ ಮೇಲೆ ಗೂಟ ಇಳಿಯುವುದೇ ಇಲ್ಲ. ತನ್ನ ಕಡ್ಡಿಗಳ ಮೇಲೆ ತಾನೇ ನಿಲ್ಲುವ ಗುಮ್ಮಟದಾಕಾರದ ಟೆಂಟು ತನ್ನಿ, ಮೂಲೆಗೆ 15–20 ಕಿಲೋ ತೂಗುವ ಕಲ್ಲು ಕಟ್ಟಿ. ಹಗ್ಗವನ್ನು ನೇರ ದೊಡ್ಡ ಕಲ್ಲಿಗೆ ಸುತ್ತಿದರೆ ಗಾಳಿಗೆ ಉಜ್ಜಿ ಉಜ್ಜಿ ನಡುರಾತ್ರಿ ಹರಿಯುತ್ತದೆ. ಹಗ್ಗವನ್ನು ಸಣ್ಣ ಕಲ್ಲಿಗೆ ಕಟ್ಟಿ, ಅದರ ಮುಂದೆ ದೊಡ್ಡ ಕಲ್ಲು ಅಡ್ಡ ಇಟ್ಟರೆ ಜಗ್ಗುವ ಭಾರ ದೊಡ್ಡದರ ಮೇಲೆ ಬೀಳುತ್ತದೆ, ಹಗ್ಗ ಸವೆಯುವುದಿಲ್ಲ. ಚಳಿಗಾಲದಲ್ಲಿ ಮೂಡಗಾಳಿ, ಟೆಂಟಿನ ಸಣ್ಣ ಮಗ್ಗುಲು ಮೂಡಣಕ್ಕೆ, ಬಾಗಿಲು ಪಡುವಣಕ್ಕೆ ಇರಲಿ. ಮೂಡಣಕ್ಕೆ ಒಂದು ಬೇವಿನ ಮರ ಸಿಕ್ಕರೆ ಇನ್ನೂ ಒಳ್ಳೆಯದು, ಯಾಕೆಂದರೆ ಬಾಗಲಕೋಟೆ ಜಿಲ್ಲೆಯ ಬಿಸಿಲು ಜನವರಿಯಲ್ಲೂ ಎಂಟು ಗಂಟೆಗೆ ಎಬ್ಬಿಸಿ ಹೊರಗೆ ಹಾಕುತ್ತದೆ. ಜಾಲಿ ಮರದ ಕೆಳಗೆ ಬೇಡ, ಉದುರಿದ ಮುಳ್ಳು ಗಾಳಿ ಹಾಸಿಗೆಯನ್ನೂ ಟೆಂಟಿನ ತಳವನ್ನೂ ಒಟ್ಟಿಗೇ ತೂತು ಮಾಡುತ್ತದೆ.

ಗುಹಾಲಯ, ಕೋಟೆಗಳ ಆವರಣ ಪುರಾತತ್ವ ಇಲಾಖೆಯದು, ಅಲ್ಲಿ ರಾತ್ರಿ ಉಳಿಯುವ ಮಾತೇ ಇಲ್ಲ. ಸುತ್ತಲಿನ ಹೊಲಗಳಲ್ಲಿ ಮಾಲೀಕರನ್ನು ಕೇಳಿಯೇ ಇಳಿಯಬೇಕು. ಕಣ ಬಿಟ್ಟುಕೊಟ್ಟರೆ ಅದಕ್ಕಿಂತ ಸಮತಟ್ಟಾದ ಜಾಗ ಬೇರೆಯಿಲ್ಲ, ಆದರೆ ಸಗಣಿ ಸಾರಿಸಿದ ಕಣಕ್ಕೆ ಗೂಟ ಹೊಡೆದರೆ ಅವರ ರಾಶಿಯ ಕೆಲಸ ಕೆಡುತ್ತದೆ, ಅಲ್ಲೂ ಕಲ್ಲೇ ಕಟ್ಟಿ. ಮಂಗಗಳ ವಿಷಯ ಗಂಭೀರವಾಗಿ ತೆಗೆದುಕೊಳ್ಳಿ. ಒಳಗೆ ಬಾಳೆಹಣ್ಣಿನ ವಾಸನೆ ಬಂದರೆ ಜಿಪ್ಪು ಹುಡುಕುತ್ತ ಕೂರುವುದಿಲ್ಲ, ಬಟ್ಟೆಯನ್ನೇ ಸೀಳುತ್ತವೆ. ಬಂಡೆಯ ಮಗ್ಗುಲಲ್ಲಿ ಬೆಂಕಿ ಹಾಕಬೇಡಿ: ಮರಳುಗಲ್ಲು ಕಾದು ಪದರ ಪದರವಾಗಿ ಸಿಡಿಯುತ್ತದೆ, ಕಪ್ಪು ಕಲೆ ಹೋಗುವುದಿಲ್ಲ, ಮೇಲೆ ಹೆಜ್ಜೇನು ಇದ್ದರೆ ಹೊಗೆಗೆ ಎದ್ದು ಬೆನ್ನಟ್ಟುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಈ ಕಡೆ ಟೆಂಟಿನ ಆಸೆ ಬಿಡಿ. 40 ಡಿಗ್ರಿ ದಾಟುವ ಬಿಸಿಲು, ಸಂಜೆಗೆ ಗುಡುಗು, ಬಿರುಗಾಳಿ. ಬಯಲಿನಲ್ಲಿ ಲೋಹದ ಕಡ್ಡಿಯ ಟೆಂಟು ಸಿಡಿಲಿಗೆ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

ಕೊನೆಯ ಸ್ಥಾನ ಹಿನ್ನೀರಿನ ದಂಡೆಗಳಿಗೆ. ಹಿಡಕಲ್, ನವಿಲುತೀರ್ಥ, ಆಲಮಟ್ಟಿ ಮೂರೂ ಅಣೆಕಟ್ಟುಗಳ ಹಿನ್ನೀರು ಕಣ್ಣಿಗೆ ಹಬ್ಬ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಳೆಗಾಲದ ಕೊನೆಗೆ ತುಂಬಿದ ನೀರು ಚಳಿಗಾಲದಲ್ಲಿ ಹಿಂದೆ ಸರಿಯುತ್ತ ಎರಿ ಮಣ್ಣಿನ ದಂಡೆಯನ್ನು ಬಿಟ್ಟುಹೋಗುತ್ತದೆ. ಮೇಲಿನ ಪದರ ಒಣಗಿ ಬಿರಿದಿರುತ್ತದೆ, ಅದರ ಅಡಿ ಹಸಿ ಕೆಸರು. ಮನುಷ್ಯ ನಡೆದರೆ ಏನೂ ಆಗುವುದಿಲ್ಲ. ಕಾರಿನ ಚಕ್ರ ಏರಿದೊಡನೆ ಪದರ ಒಡೆಯುತ್ತದೆ. ಆಮೇಲೆ ಎಕ್ಸಲರೇಟರ್ ತುಳಿದಷ್ಟೂ ಹೂಳುತ್ತದೆ, ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಬಿಗಿದು ಕೂಡುತ್ತದೆ. ಟ್ರ್ಯಾಕ್ಟರ್ ಕರೆಸದೆ ಬಿಡುಗಡೆಯಿಲ್ಲ. ಕಾರು ಗರಸಿನ ರಸ್ತೆಯಲ್ಲೇ ನಿಲ್ಲಲಿ, ಸಾಮಾನು ಹೊತ್ತು ನಡೆಯಿರಿ. ಒಣ ಎರಿಯಲ್ಲಿ ಸಣ್ಣ ಗೂಟ ಬಿರುಕಿನೊಳಗೆ ಸಡಿಲಾಗುತ್ತದೆ, 18 ಇಂಚಿನದು ಬೇಕು. ಹಸಿಯಾಗಿದ್ದರೆ ಗೊಬ್ಬರದ ಖಾಲಿ ಚೀಲದಲ್ಲಿ ಮಣ್ಣು ತುಂಬಿ, ನಡುವಿಗೆ ಹಗ್ಗ ಬಿಗಿದು, ಒಂದು ಅಡಿ ಆಳಕ್ಕೆ ಅಡ್ಡ ಹೂತರೆ ಯಾವ ಗಾಳಿಗೂ ಕದಲುವುದಿಲ್ಲ. ತಳಕ್ಕೆ ಹಾಸುವ ತಾಡಪತ್ರಿ ಟೆಂಟಿಗಿಂತ ಸುತ್ತಲೂ ಎರಡು ಇಂಚು ಒಳಗೆ ಮಡಚಿರಲಿ. ಹೊರಗೆ ಚಾಚಿದರೆ ಮಳೆ ನೀರನ್ನು ಹಿಡಿದು ನಿಮ್ಮ ಬೆನ್ನ ಕೆಳಗೇ ತಂದು ನಿಲ್ಲಿಸುತ್ತದೆ.

ದಂಡೆಯ ಜಾಗ ಬಹುಪಾಲು ಸರ್ಕಾರದ್ದು: ಆಲಮಟ್ಟಿಯದು ಕೃಷ್ಣಾ ಭಾಗ್ಯ ಜಲ ನಿಗಮದ ಸುಪರ್ದಿ, ಹಿಡಕಲ್, ನವಿಲುತೀರ್ಥ ಕರ್ನಾಟಕ ನೀರಾವರಿ ನಿಗಮದ್ದು. ನಡುವಿನವರು ಯಾರೋ ದುಡ್ಡು ತೆಗೆದುಕೊಂಡ ಮಾತ್ರಕ್ಕೆ ಅನುಮತಿ ಸಿಕ್ಕಂತಾಗಲಿಲ್ಲ. ಕೃಷ್ಣೆಯಲ್ಲೂ ಅದರ ಹಿನ್ನೀರಿನಲ್ಲೂ ಮೊಸಳೆಗಳಿವೆ. ಪಾತ್ರೆ ತೊಳೆಯಲು, ಮುಖ ತೊಳೆಯಲು ಅಂಚಿಗೆ ಇಳಿಯಬೇಡಿ. ಮಳೆಗಾಲದಲ್ಲಿ ನದಿ ದಂಡೆಯ ಅಪಾಯ ಇನ್ನೂ ದೊಡ್ಡದು. ಚಿಕ್ಕೋಡಿಯಲ್ಲಿ ಬಿಸಿಲಿದ್ದರೂ ಮಹಾರಾಷ್ಟ್ರದಲ್ಲಿ ಮಳೆ ಸುರಿದು ಅಲ್ಲಿನ ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಇಲ್ಲಿ ಹೊಳೆ ಏರುತ್ತದೆ, 2019ರ ಆಗಸ್ಟ್ ಇದನ್ನು ಇಡೀ ಸೀಮೆಗೆ ತೋರಿಸಿತು. ಮೇಲಿನ ಆಕಾಶ ನೋಡಿ ದಂಡೆಯಲ್ಲಿ ಮಲಗುವುದು ಸಲ್ಲದು.

ಕ್ಯಾಂಪರ್ ವ್ಯಾನ್ ತರುವವರಿಗೆ ಒಂದಿಷ್ಟು. ಅಮೆರಿಕದ ಮಿಡ್‌ವೆಸ್ಟ್‌ನಿಂದ ರಜೆಗೆ ಬರುವ ಮಕ್ಕಳು ಅಲ್ಲಿನ ಸ್ಟೇಟ್ ಪಾರ್ಕಿನ ಹಾಗೆ ನಂಬರ್ ಹಾಕಿದ ಜಾಗ, ಬೆಂಕಿಗೆ ಕಬ್ಬಿಣದ ಬಳೆ, ಕರೆಂಟಿನ ಕಂಬ, ಮಲಿನ ನೀರು ಸುರಿಯುವ ಗುಂಡಿ ಎಲ್ಲ ಇರುತ್ತದೆ ಎಂದುಕೊಂಡು ಕೇಳುತ್ತಾರೆ. ಈ ಕಡೆಯ ತೋಟಗಳಲ್ಲಿ ಅದನ್ನು ನಿರೀಕ್ಷಿಸಬೇಡಿ. ಕರೆಂಟಿನ ಲೆಕ್ಕ ಮಾತ್ರ ಕಾಗದದ ಮೇಲೆ ಸರಿಹೋಗುತ್ತದೆ: ಅಲ್ಲಿನ 30 ಆಂಪ್, 120 ವೋಲ್ಟಿನ ಕಂಬದಿಂದ 3,600 ವ್ಯಾಟ್, ನಮ್ಮ 16 ಆಂಪ್, 230 ವೋಲ್ಟಿನ ಸಾಕೆಟ್ಟಿನಿಂದ 3,680. ತೊಡಕು ಸಾಕೆಟ್ಟಿನ ಹಿಂದಿನ ತಂತಿಯಲ್ಲಿದೆ. ತೋಟದ ಮನೆಯಿಂದ ಐವತ್ತು ಮೀಟರ್ ತೆಳು ವೈರು ಎಳೆದು ಏಸಿ ಹಚ್ಚಿದರೆ ವೋಲ್ಟೇಜ್ ಕುಸಿದು ಕಂಪ್ರೆಸರ್ ಸುಡುತ್ತದೆ, ವೈರು ಬಿಸಿಯಾಗುತ್ತದೆ. 4 ಚದರ ಎಂಎಂ ತಾಮ್ರದ ವೈರು, ಸರಿಯಾದ ಅರ್ಥಿಂಗ್ ಇದ್ದರೆ ಮಾತ್ರ ಏಸಿ. ಇಲ್ಲವಾದರೆ ಫ್ಯಾನು ಸಾಕು. ಶೌಚದ ಟಾಕಿಯನ್ನು ಹಳ್ಳಕ್ಕೆ, ಕಾಲುವೆಗೆ ಸುರಿಯಲೇಬೇಡಿ, ಕೆಳಗಿನ ಊರು ಅದೇ ನೀರು ಬಳಸುತ್ತದೆ.

ವ್ಯಾನಿನವರು ಸಂಜೆ ಆರರೊಳಗೆ ಜಾಗ ಮುಟ್ಟಬೇಕು. ನವೆಂಬರ್‌ನಿಂದ ಕಬ್ಬು ಅರೆಯುವ ಹಂಗಾಮು. ಎರಡೆರಡು ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ಗೋಕಾಕ, ಮುಧೋಳ, ಜಮಖಂಡಿ ರಸ್ತೆಗಳ ತುಂಬ ಇರುತ್ತವೆ. ದಿನ ಗೊತ್ತು ಮಾಡುವಾಗ ಪಂಚಾಂಗವನ್ನೂ ನೋಡಿ. ಹೊಸ್ತಿಲ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ, ಬನದ ಹುಣ್ಣಿಮೆಗೆ ಬನಶಂಕರಿಗೆ ಚಕ್ಕಡಿ, ಟ್ರ್ಯಾಕ್ಟರ್, ಬಸ್ಸು ಎಲ್ಲ ಹರಿದು ಬರುತ್ತವೆ. ಜಾತ್ರೆಗೆಂದೇ ಹೋಗುವುದು ಬೇರೆ. ಸದ್ದಿಲ್ಲದ ರಾತ್ರಿ ಬೇಕಿದ್ದರೆ ನವಿಲುತೀರ್ಥ, ಬಾದಾಮಿ ಎರಡನ್ನೂ ಆ ವಾರ ಬಿಟ್ಟು ಖಾನಾಪುರದ ಕಡೆ ತಿರುಗಿ.