ಬೆಂಚ್ ಪ್ರೆಸ್ ಸ್ಪರ್ಧೆಗೆ ಯಾವ ಹಿಡಿತ, ಯಾವ ಸಲಕರಣೆ?

ಬೆಂಚ್ ಪ್ರೆಸ್ ಅಂದರೆ ಬೆಂಚ್ ಮೇಲೆ ಅಂಗಾತ ಮಲಗಿ ಬಾರ್ ಅನ್ನು ಎದೆಗಿಳಿಸಿ ಮೇಲೆ ತಳ್ಳುವುದು. ಜಿಮ್‌ನಲ್ಲಿ ಬಾರ್ ಎದೆಗೆ ತಾಗಿದ ಕೂಡಲೇ ಮೇಲೆ ತಳ್ಳಬಹುದು. ಸ್ಪರ್ಧೆಯಲ್ಲಿ ಹಾಗೆ ನಡೆಯುವುದಿಲ್ಲ. ಬಾರ್ ಎದೆಯ ಮೇಲೆ ಅಲುಗಾಡದೆ ನಿಲ್ಲಬೇಕು, ರೆಫರಿ ‘ಪ್ರೆಸ್’ ಅನ್ನಬೇಕು, ಆಮೇಲಷ್ಟೇ ತಳ್ಳಬೇಕು. ಎಷ್ಟು ಹೊತ್ತು ಕಾಯಬೇಕು ಅನ್ನುವುದು ನಮ್ಮ ಕೈಯಲ್ಲಿಲ್ಲ. ಹಾಗಾಗಿ ಹಿಡಿತ, ಶೂ, ಮಣಿಕಟ್ಟಿಗೆ ಸುತ್ತುವ ರ್ಯಾಪ್, ಎತ್ತಲು ನೆರವಾಗುವ ಬಿಗಿಯಾದ ಶರ್ಟ್ ಯಾವುದನ್ನೇ ಹೋಲಿಸಿದರೂ ನಾನು ನೋಡುವುದು ಒಂದನ್ನೇ: ಆ ಕಾಯುವ ಹೊತ್ತಿನಲ್ಲಿ ಮೈ ಸಡಿಲವಾಗದಂತೆ ಯಾವುದು ಕಾಪಾಡುತ್ತದೆ? ಇಲ್ಲಿ ಹೇಳುವ ನಿಯಮಗಳು ಐಪಿಎಫ್‌ನವು, ಅಂದರೆ ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಫೆಡರೇಶನ್‌ನವು. ಬೇರೆ ಫೆಡರೇಶನ್‌ಗಳಲ್ಲಿ ಕೆಲವು ಬೇರೆ ಇವೆ.

ಮೊದಲು ಹಿಡಿತ. ಬಾರ್‌ನ ಒರಟು ನರ್ಲಿಂಗ್ (ಕೈ ಜಾರದಂತೆ ಕೊರೆದ ಗೀರುಗಳು) ಮಧ್ಯೆ ಎರಡೂ ಕಡೆ ಒಂದೊಂದು ನುಣುಪಾದ ಗೆರೆ ಇರುತ್ತದೆ. ಅವುಗಳ ನಡುವಿನ ದೂರ 81 ಸೆಂ.ಮೀ. ತೋರುಬೆರಳು ಆ ಗೆರೆ ದಾಟಿ ಹೊರಗೆ ಹೋಗುವಂತಿಲ್ಲ. ಹೆಬ್ಬೆರಳು ಬಾರ್ ಸುತ್ತಿರಲೇಬೇಕು. ನಾನು ಹೋಲಿಸಿದ್ದು ತೋರುಬೆರಳನ್ನು ಗೆರೆಯ ಮೇಲಿಡುವ ಪೂರ್ತಿ ಅಗಲದ ಹಿಡಿತ, ಮತ್ತು ಉಂಗುರ ಬೆರಳನ್ನು ಗೆರೆಯ ಮೇಲಿಡುವ ಮಧ್ಯಮ ಹಿಡಿತ.

ಪೂರ್ತಿ ಅಗಲದಲ್ಲಿ ಬಾರ್ ಸಾಗುವ ದೂರ ಕಮ್ಮಿ. ಎದೆಯಿಂದ ಒಂದು ಗೇಣು ಎದ್ದರೆ ಉಳಿದದ್ದು ಸಲೀಸು. ಆದರೆ ಆ ಮೊದಲ ಗೇಣಿಗೆ ತುಂಬಾ ಬೆಲೆ ತೆರಬೇಕು. ಕಾಯುವ ಹೊತ್ತಿನಲ್ಲಿ ಹೆಗಲ ಮೂಳೆಗಳು ಚೂರು ಬಿಟ್ಟುಕೊಂಡರೂ ಭಾರವೆಲ್ಲ ಭುಜದ ಮುಂಭಾಗಕ್ಕೆ ಬರುತ್ತದೆ, ಬಾರ್ ಕುತ್ತಿಗೆಯ ಕಡೆ ಜರುಗಲು ನೋಡುತ್ತದೆ. ರೆಫರಿ ತಡಮಾಡಿದಷ್ಟೂ ಇದು ಜಾಸ್ತಿ. ಭಾರದ ದಿನಗಳ ಮರುದಿನ ಕೈ ಮೇಲೆತ್ತಿದರೆ ಭುಜ ಚುಳುಕ್ ಅನ್ನುತ್ತಿತ್ತು.

ಮಧ್ಯಮ ಹಿಡಿತದಲ್ಲಿ ಮುಂಗೈ ಬಾರ್‌ನ ಕೆಳಗೆ ಹೆಚ್ಚು ನೆಟ್ಟಗೆ ನಿಲ್ಲುತ್ತದೆ. ಕಂಕುಳ ಕೆಳಗಿನ ಬೆನ್ನಿನ ಸ್ನಾಯುಗಳನ್ನು ಬಿಗಿ ಮಾಡಿಕೊಂಡರೆ ಬಾರ್ ಅವುಗಳ ಮೇಲೆಯೇ ಕೂತಂತೆ ಅನಿಸುತ್ತದೆ. ಕಾಯುವುದು ಇಲ್ಲಿ ಎಷ್ಟೋ ಹಗುರ. ಕಷ್ಟ ಬರುವುದು ಅರ್ಧ ದಾರಿಯಲ್ಲಿ, ಟ್ರೈಸೆಪ್ಸ್ (ತೋಳಿನ ಹಿಂಭಾಗದ ಸ್ನಾಯು) ಸೋತಾಗ. ಆದರೆ ಟ್ರೈಸೆಪ್ಸ್ ಬೆಳೆಸಬಹುದು, ಅದಕ್ಕೆ ನೂರು ವ್ಯಾಯಾಮಗಳಿವೆ. ಭುಜದ ಕೀಲಿಗೆ ಆ ಅನುಕೂಲ ಇಲ್ಲ. ನನ್ನ ಆಯ್ಕೆ ಮಧ್ಯಮ ಹಿಡಿತವೇ. ಎದೆ ಅಗಲವಾಗಿದ್ದು, ತೋಳು ಉದ್ದವಾಗಿದ್ದು, ಭುಜ ತಕರಾರು ಮಾಡದವರಿಗೆ ಅಗಲವೇ ಲಾಭ. ಅದನ್ನು ಅಲ್ಲಗಳೆಯುವುದಿಲ್ಲ.

2023ರ ಜನವರಿಯಿಂದ ಈ ಹೋಲಿಕೆಗೆ ಇನ್ನೊಂದು ತೂಕ ಸೇರಿದೆ. ಬಾರ್ ಕೆಳಗಿಳಿದಾಗ ಮೊಣಕೈಗಳ ತಳಭಾಗ ಭುಜದ ಕೀಲಿನ ಮೇಲ್ಭಾಗಕ್ಕೆ ಸಮವಾಗಿ ಅಥವಾ ಅದಕ್ಕಿಂತ ಕೆಳಗೆ ಬರಬೇಕು. ಬೆನ್ನು ತುಂಬಾ ಬಾಗಿಸಿ, ಪೂರ್ತಿ ಅಗಲ ಹಿಡಿದು, ಬಾರ್ ಎರಡು ಬೆರಳಷ್ಟು ಮಾತ್ರ ಇಳಿಸುತ್ತಿದ್ದವರಿಗೆ ಇದು ನೇರವಾಗಿ ತಟ್ಟಿತು. ಹಿಡಿತ ಒಳಗೆ ಬಂದಷ್ಟೂ ಮೊಣಕೈ ತಾನಾಗಿಯೇ ಆಳಕ್ಕೆ ಹೋಗುತ್ತದೆ. ಬೆನ್ನು ಚೆನ್ನಾಗಿ ಬಾಗುವವರು ಹಳೆಯ ಅಳತೆಗೆ ಅಂಟಿಕೊಳ್ಳುವ ಮುನ್ನ ಪಕ್ಕದಿಂದ ಒಂದು ವಿಡಿಯೊ ತೆಗೆಸಿ ನೋಡಬೇಕು.

ಬಾರ್ ತಾಗಿಸುವುದರಲ್ಲೂ ಎರಡು ಬಗೆ. ಒಂದು, ಎದೆಗೆ ಮೆಲ್ಲಗೆ ಸೋಕಿಸಿ ತೋಳಿನ ಬಲದಲ್ಲೇ ಹಿಡಿದಿಡುವುದು. ಇನ್ನೊಂದು, ಎದೆಯೊಳಗೆ ಸ್ವಲ್ಪ ಇಳಿಯಬಿಟ್ಟು ಅಲ್ಲಿಂದ ಚಿಮ್ಮುವುದು. ಎರಡನೆಯದರಲ್ಲಿ ಹೆಚ್ಚು ತೂಕ ಏಳುತ್ತದೆ, ನಿಜ. ಆದರೆ ಬಾರ್‌ನ ತುದಿಗಳಲ್ಲಿ ಪ್ಲೇಟುಗಳು ಸಣ್ಣಗೆ ಅದುರುತ್ತಿರುವಷ್ಟು ಹೊತ್ತೂ ರೆಫರಿ ಬಾಯಿ ಬಿಡುವುದಿಲ್ಲ. ಇಳಿಯಬಿಟ್ಟ ಬಾರ್ ನಿಲ್ಲಲು ಸಮಯ ಬೇಕು. ಅಷ್ಟರಲ್ಲಿ ಉಸಿರು ಖಾಲಿಯಾಗುತ್ತದೆ. ಕಮಾಂಡ್ ಬಂದ ಮೇಲೆ ಬಾರ್ ಇನ್ನಷ್ಟು ಎದೆಯೊಳಗೆ ಇಳಿದರೆ ಲಿಫ್ಟ್ ಅನರ್ಹ. ಸೋಕಿಸಿ ಹಿಡಿಯುವ ಬಗೆಯಲ್ಲಿ ಕಮಾಂಡ್ ಬೇಗ ಸಿಗುತ್ತದೆ. ಕಲಿಯಲು ತಿಂಗಳುಗಟ್ಟಲೆ ಹಿಡಿಯುತ್ತದೆ, ಮೊದಲಿಗೆ ತೂಕವೂ ಇಳಿಸಬೇಕಾಗುತ್ತದೆ. ಆದರೂ ಕಲಿಯಿರಿ ಅಂತಲೇ ಹೇಳುತ್ತೇನೆ.

ಕಾಲಿನ ವಿಷಯ ಚುಟುಕು. ಪಾದ ಪೂರ್ತಿ ನೆಲಕ್ಕೆ ತಾಗಿರಬೇಕು. ಕುಳ್ಳಗಿರುವವರು ಕಾಲ ಕೆಳಗೆ ಪ್ಲೇಟೋ ಬ್ಲಾಕೋ ಇಟ್ಟುಕೊಳ್ಳಬಹುದು. ಪಾದವನ್ನು ಹಿಂದಕ್ಕೆಳೆದು ಇಟ್ಟರೆ ಬೆನ್ನಿನ ಕಮಾನು ಎತ್ತರವಾಗುತ್ತದೆ, ಆದರೆ ತಳ್ಳುವಾಗ ಕುಂಡಿ ಬೆಂಚ್ ಬಿಟ್ಟು ಏಳುತ್ತದೆ. ಎದ್ದರೆ ಕೆಂಪು ದೀಪ, ಅಂದರೆ ಲಿಫ್ಟ್ ಅನರ್ಹ. ಪಾದವನ್ನು ಸ್ವಲ್ಪ ಮುಂದಿಟ್ಟು, ಶೂ ಒಳಗೆ ಬೆರಳುಗಳನ್ನು ಮುಂದಕ್ಕೆ ಒತ್ತಿದಂತೆ ನೆಲ ತಳ್ಳಿದರೆ ಬಲ ಭುಜದ ಕಡೆ ಹೋಗುತ್ತದೆ, ಕುಂಡಿ ಅಲ್ಲೇ ಇರುತ್ತದೆ. ಚಪ್ಪಟೆ ಶೂಗಿಂತ ಹಿಮ್ಮಡಿ ಎತ್ತರದ ಲಿಫ್ಟಿಂಗ್ ಶೂ ಇದಕ್ಕೆ ವಾಸಿ, ಹಿಮ್ಮಡಿ ಸಲೀಸಾಗಿ ಊರುತ್ತದೆ.

ರಿಸ್ಟ್ ರ್ಯಾಪ್ 1 ಮೀಟರ್ ಉದ್ದ, 8 ಸೆಂ.ಮೀ. ಅಗಲದವರೆಗೆ ಇರಬಹುದು. ಬಿರುಸಾದದ್ದು ಮತ್ತು ಎಳೆದರೆ ಹಿಗ್ಗುವ ಮೆತ್ತನೆಯದು, ಎರಡನ್ನೂ ಕಟ್ಟಿ ನೋಡಿದ್ದೇನೆ. ಕಾಯುವ ಹೊತ್ತಿನಲ್ಲಿ ಮಣಿಕಟ್ಟು ಹಿಂದಕ್ಕೆ ಬಾಗದಂತೆ ತಡೆಯುವುದು ಬಿರುಸಾದದ್ದೇ. ಲಿಫ್ಟ್‌ಗೆ ಮುಂಚೆ ಹೆಬ್ಬೆರಳಿನ ಕುಣಿಕೆ ತೆಗೆಯಲೇಬೇಕು. ಸುಮ್ನೆ ಅಭ್ಯಾಸದಲ್ಲೂ ತೆಗೆಯುವ ರೂಢಿ ಮಾಡಿಕೊಳ್ಳಿ.

ಇನ್ನು ಶರ್ಟ್. 1983ರಲ್ಲಿ ಜಾನ್ ಇನ್ಜರ್ ತಂದ ಈ ಬೆಂಚ್ ಶರ್ಟ್ ಕ್ರೀಡೆಯನ್ನೇ ಎರಡಾಗಿ ಸೀಳಿತು. ಶರ್ಟ್ ಇಲ್ಲದ ‘ಕ್ಲಾಸಿಕ್’ ವಿಭಾಗಕ್ಕೆ ಐಪಿಎಫ್ ತನ್ನ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಸಿದ್ದು 2013ರಲ್ಲಿ. ಶರ್ಟ್ ಹಾಕಿಕೊಳ್ಳಲು ಇಬ್ಬರ ಸಹಾಯ ಬೇಕು. ತೋಳು ತಾನಾಗಿಯೇ ಮುಂದಕ್ಕೆ ಚಾಚಿ ನಿಲ್ಲುತ್ತದೆ, ಬಿಚ್ಚಿದಾಗ ಕಂಕುಳ ಸುತ್ತ ಕೆಂಪು ಬರೆ ಎದ್ದಿರುತ್ತದೆ. ಶರ್ಟ್ ಇಲ್ಲದೆ ಎತ್ತುವಷ್ಟು ತೂಕ ಹಾಕಿದರೆ ಬಾರ್ ಎದೆಯ ತನಕ ಇಳಿಯುವುದೇ ಇಲ್ಲ, ಮಧ್ಯದಲ್ಲೇ ನಿಲ್ಲುತ್ತದೆ. ಇಳಿಸಲಿಕ್ಕೇ ಇನ್ನೂ ಹೆಚ್ಚು ತೂಕ ಬೇಕು, ಬಾರನ್ನು ಹೊಟ್ಟೆಯ ಮೇಲ್ಭಾಗದ ಕಡೆ ಎಳೆಯಬೇಕು.

ಸರಿಯಾದ ಜಾಗಕ್ಕೆ ಇಳಿದರೆ ಕಾಯುವ ಹೊತ್ತಿನಲ್ಲಿ ಭಾರವನ್ನು ಶರ್ಟ್ ನಿಜಕ್ಕೂ ಹೊರುತ್ತದೆ. ಎದೆಯಿಂದ ಏಳುವುದು ಸುಲಭ, ಮೇಲಿನ ಅರ್ಧ ಮಾತ್ರ ಟ್ರೈಸೆಪ್ಸ್ ಪಾಲು. ಆದರೆ ಬಾರ್ ಸ್ವಲ್ಪ ಮುಖದ ಕಡೆ ಜಾರಿದರೆ ಅದೇ ಶರ್ಟ್ ಅದನ್ನು ಇನ್ನೂ ಆ ಕಡೆಗೇ ತಳ್ಳುತ್ತದೆ, ತಡೆದು ನಿಲ್ಲಿಸಲು ಕೈಗೆ ಆಗುವುದಿಲ್ಲ. ಅದಕ್ಕೇ ನಾನು ಕ್ಲಾಸಿಕ್‌ನಲ್ಲೇ ಉಳಿದಿದ್ದೇನೆ. ಪ್ರತಿ ಅಭ್ಯಾಸಕ್ಕೂ ಎರಡು ಬದಿಗೆ ಇಬ್ಬರು, ತಲೆಯ ಹತ್ತಿರ ಒಬ್ಬರು ಹೀಗೆ ಪಳಗಿದ ಮೂವರು ಸ್ಪಾಟರ್‌ಗಳು (ಬೇಕಾದಾಗ ಬಾರ್ ಹಿಡಿಯಲು ನಿಲ್ಲುವವರು) ಸಿಗುವವರು ಮಾತ್ರ ಶರ್ಟ್ ಕೈಗೆತ್ತಿಕೊಳ್ಳಲಿ.