ಮೈಲುತುತ್ತದ ಬಣ್ಣದ ಸೀರಮ್: ಹದಿನಾಲ್ಕು ತಿಂಗಳ ಬಳಕೆಯ ನಂತರ

ಅಡಿಕೆ ತೋಟದ ಮನೆಯಲ್ಲಿ ಬೆಳೆದ ನನಗೆ ತಾಮ್ರದ ನೀಲಿ ಎಂದರೆ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ. ಮೊಡವೆಯ ಕಲೆಗಳಿಗೆಂದು 1,300 ರೂಪಾಯಿ ಕೊಟ್ಟು ತರಿಸಿದ ಕಾಪರ್ ಪೆಪ್ಟೈಡ್ (ತಾಮ್ರವನ್ನು ಹಿಡಿದಿಟ್ಟುಕೊಂಡ, ಪ್ರೋಟೀನಿನ ಪುಟ್ಟ ತುಣುಕು) ಸೀರಮ್‌ನಲ್ಲಿ ಅದೇ ಬಣ್ಣ ಕಂಡಾಗ, ಮುಖಕ್ಕೆ ಹಚ್ಚಲು ಕೈ ಹಿಂಜರಿಯಿತು.

ನನ್ನ ದೂರು ಸೀರಮ್‌ನ ಮೇಲಲ್ಲ, ಅದನ್ನು ಮಾರಿದವರ ಮೇಲೆ. ಅವರು ಇದನ್ನು ವಿಟಮಿನ್ ಸಿ ಸೀರಮ್‌ನೊಂದಿಗೆ ಜೋಡಿಯಾಗಿ ಮಾರಿದ್ದರು. ಒಂದರ ಮೇಲೊಂದು ಹಚ್ಚಿರೆಂದು ಚೀಟಿಯಲ್ಲಿ ಅಚ್ಚು ಹಾಕಿಸಿದ್ದರು. ಮೂರನೆಯ ವಾರಕ್ಕೆ ಕೆನ್ನೆ ಕೆಂಪಾಗಿ ಉರಿಯತೊಡಗಿತು. ಚರ್ಮದ ವೈದ್ಯರು ಎರಡೂ ಬಾಟಲಿಗಳನ್ನು ನೋಡಿ, ವಿಟಮಿನ್ ಸಿ ಎಂದರೆ ಆಸ್ಕಾರ್ಬಿಕ್ ಆಮ್ಲ, ಅದರ ಹುಳಿಯಲ್ಲಿ ತಾಮ್ರವು ಪೆಪ್ಟೈಡ್‌ನ ಹಿಡಿತದಿಂದ ಕಳಚಿಕೊಳ್ಳುತ್ತದೆ, ಕಳಚಿದ ತಾಮ್ರ ವಿಟಮಿನ್ ಸಿಯನ್ನೇ ಕೆಡಿಸುತ್ತದೆ, ಉರಿಗೆ ಆ ಆಮ್ಲವೇ ಕಾರಣವಿರಬಹುದು ಎಂದರು. ಮೈಲುತುತ್ತಕ್ಕೆ ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಕಾಯಿತೇ ಎಂದು ಅಪ್ಪ ಕಬ್ಬಿಣದ ಚೂರಿ ಅದ್ದಿ ನೋಡುತ್ತಿದ್ದುದು, ಚೂರಿಗೆ ತಾಮ್ರ ಕೆಂಪಗೆ ಅಂಟಿದರೆ ಎಲೆ ಸುಟ್ಟೀತೆಂದು ಇನ್ನಷ್ಟು ಸುಣ್ಣ ಹಾಕುತ್ತಿದ್ದುದು ಆಗ ನೆನಪಾಯಿತು. ತೋಟದವರಿಗಿದ್ದ ಎಚ್ಚರ ಈ ಮಾರಾಟಗಾರರಿಗೆ ಇರಲಿಲ್ಲ.

ಒಂದು ತಿಂಗಳು ಎಲ್ಲವನ್ನೂ ನಿಲ್ಲಿಸಿ, ಬಳಿಕ ನೀಲಿಯೊಂದನ್ನೇ ರಾತ್ರಿಗೆ ಇಟ್ಟುಕೊಂಡೆ. ಊಟದ ಪಾತ್ರೆ ತೊಳೆದು, ಮುಖ ತೊಳೆದು, ಒದ್ದೆ ಆರುವ ಮೊದಲು ಅಂಗೈಗೆ ಆರು ಹನಿ ಬಿಟ್ಟುಕೊಂಡರೆ, ಹಚ್ಚುತ್ತಿದ್ದಂತೆ ಬಣ್ಣ ಮಾಯವಾಗುತ್ತದೆ. ಆ ಎರಡು ನಿಮಿಷ ನನಗೆ ಪ್ರಿಯವಾಗಿಬಿಟ್ಟಿದೆ.

ವಿಜ್ಞಾನಿ ಲೊರೆನ್ ಪಿಕಾರ್ಟ್ 1973ರಲ್ಲಿ ಮಾನವ ರಕ್ತದ ಪ್ಲಾಸ್ಮಾದಲ್ಲಿ ಗುರುತಿಸಿದ ಜಿಎಚ್‌ಕೆ ಎಂಬ ಮೂರು ಅಮೈನೋ ಆಮ್ಲಗಳ ಈ ಪೆಪ್ಟೈಡ್, ತಾಮ್ರದೊಂದಿಗೆ ಸೇರಿ ಪ್ರಯೋಗಾಲಯದ ಜೀವಕೋಶಗಳಲ್ಲಿ ಚರ್ಮಕ್ಕೆ ಬಿಗಿ ಕೊಡುವ ಕಾಲಜನ್ ಪ್ರೋಟೀನಿನ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ಆದರೆ ಮನುಷ್ಯರ ಮೇಲಿನ ಅಧ್ಯಯನಗಳು ಸಣ್ಣವು, ಚರ್ಮದ ಹೊರಪದರವೂ ಇದನ್ನು ಸುಲಭವಾಗಿ ಒಳಬಿಡುವುದಿಲ್ಲ. ನನ್ನ ಅನುಭವವೂ ಅಷ್ಟಕ್ಕೇ ನಿಲ್ಲುತ್ತದೆ: ಚರ್ಮ ನಯವಾಗಿದೆ, ಕೆಂಪು ಕಲೆಗಳು ಮಾಸಿವೆ (ಅವು ತಾವಾಗಿಯೇ ಮಾಸುತ್ತಿದ್ದವೋ ಏನೋ), ಗುಳಿಗಳು ಇದ್ದಂತೆಯೇ ಇವೆ.

ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಚುಚ್ಚಿಕೊಳ್ಳಲೆಂದು ಆನ್‌ಲೈನ್‌ನಲ್ಲಿ ಮಾರುವ ಇದರ ಪುಡಿಯ ಗೊಡವೆ ಯಾರಿಗೂ ಬೇಡ.

ಮೂರು ತಿಂಗಳಿಗೊಂದು ಬಾಟಲಿ ನನ್ನ ಸಂಬಳಕ್ಕೆ ಭಾರವಲ್ಲ. ಐದನೆಯದು ನಡೆಯುತ್ತಿದೆ, ಬೇರೆ ಅಂಗಡಿಯಿಂದ, ಬಿಡಿಯಾಗಿ ತರಿಸಿದ್ದು.